ಗುಡುಗು ಉರುಳಿಸುತ್ತಿದ್ದ ಈನಕ್

ಬ್ರಿಸ್ಟಲ್ಲಿನ ಒಂದು ಹಳೆಯ ನಾಟಕಶಾಲೆಗೆ ಮೂವತ್ತು ವರ್ಷ ಗುಡುಗು ಒದಗಿಸಿದವನು ಈನಕ್ ಹ್ಯಾಲೆಟ್. ಸೂರಿನಡಿಯ ಕತ್ತಲ ಅಟ್ಟದಲ್ಲಿ ಇಳಿಜಾರಾಗಿ ಕೂರಿಸಿದ, ಕಾಲುವೆಯಂಥ ಉದ್ದನೆಯ ಮರದ ದೋಣಿ; ಅದರಲ್ಲಿ ಅವನು ಕಬ್ಬಿಣದ ಗುಂಡು ಉರುಳಿಸಿದರೆ ಕೆಳಗೆ ಕೂತವರ ಎದೆ ನಡುಗಬೇಕು. ಕೆಳಗಿನಿಂದ ಗಂಟೆ ಎರಡು ಸಲ ಬಡಿದರೆ ಉರುಳಿಸು, ಒಂದು ಸಲ ಬಡಿದರೆ ನಿಲ್ಲಿಸು. ನಾಟಕವನ್ನು ಕಣ್ಣಾರೆ ಕಂಡವನಲ್ಲ ಆಸಾಮಿ. ಹಲಗೆಯ ಸಂದಿಯಿಂದ ಕೇಳಿ ಕೇಳಿಯೇ ಎಲ್ಲ ಬಾಯಿಪಾಠ.

ಅಷ್ಟು ಕೇಳಿದ ಮೇಲೆ ನಾಲ್ಕು ಜನಕ್ಕೆ ಬುದ್ಧಿ ಹೇಳದೆ ಇರಲಾದೀತೆ? "ನೋಡ್ರಯ್ಯಾ, ಆ ರಾಜರಿಗೆಲ್ಲ ಒಂದೇ ರೋಗ," ಎನ್ನುತ್ತಿದ್ದ ಹೆಂಡದಂಗಡಿಯಲ್ಲಿ. "ಐದನೇ ಅಂಕದಲ್ಲಿ ಬುದ್ಧಿ ಬರುತ್ತೆ. ಎರಡನೇದ್ರಲ್ಲೇ ಬಂದಿದ್ರೆ ಎಲ್ರೂ ಊಟಕ್ಕೆ ಮನೆಗೆ ಹೋಗ್ಬಹುದಿತ್ತು!"

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಒಬ್ಬಳೇ ಮಗಳು ಲೆಟಿ, ಇವನನ್ನು ಕೇಳದೆ, ನಾಟಕಶಾಲೆ ಸೈತಾನನ ಮನೆ ಎನ್ನುವ ಒಬ್ಬ ಪ್ರಾರ್ಥನಾಮಂದಿರದ ಬೋಧಕನನ್ನು ಮದುವೆಯಾಗಿದ್ದಳು. ಮಳೆಯಲ್ಲಿ ಕ್ಷಮೆ ಕೇಳಲು ಬಂದವಳಿಗೆ ಈನಕ್ ಬಾಗಿಲನ್ನೇ ತೆಗೆಯಲಿಲ್ಲ. ಅದಾಗಿ ಒಂಬತ್ತು ವರ್ಷ. ರಾಣಿಯಮ್ಮ ತೀರಿಕೊಂಡ ವರ್ಷದ ಒಂದು ಶನಿವಾರ ಹೆಂಡತಿ ಡಾರ್ಕಸ್ ಚಹಾದ ಬಟ್ಟಲನ್ನು ಕುಕ್ಕಿದಳು.

"ಲೆಟಿ ಇವತ್ತು ಗಂಡ, ಮಗು ಜೊತೆ ಕೆನಡಾಕ್ಕೆ ಹೊರಟಿದ್ದಾಳೆ. ನಾಲ್ಕು ಗಂಟೆಗೆ ಹಡಗು. ಹೋದ್ರೆ ಹೋದ ಹಾಗೇ. ಬರ್ತೀಯಾ?"

"ಮಧ್ಯಾಹ್ನದ ಆಟ ಇದೆ. ಗುಡುಗು ಯಾರು ಮಾಡ್ತಾರೆ, ನಿಮ್ಮಪ್ಪನಾ?"

"ಕಂಡವರ ಮಗಳಿಗೆ ಗುಡುಗ್ತಾ ಕೂತ್ಕೋ, ಹೋಗು," ಎಂದು ಡಾರ್ಕಸ್ ಒಬ್ಬಳೇ ಬಂದರಿಗೆ ಹೊರಟಳು.

ಅಂದಿನ ನಾಟಕದಲ್ಲೂ ಅಪ್ಪನೊಬ್ಬ ಮಗಳನ್ನು ಹೊರಗಟ್ಟುತ್ತಾನೆ. ಗಂಟೆ ಎರಡು ಸಲ ಬಡಿಯಿತು. ಈನಕ್ ಹನ್ನೆರಡು ಗುಂಡು ಉರುಳಿಸಿದ. ಗಂಟೆ ಒಂದು ಸಲ ಬಡಿಯಿತು. ಕೊನೆಯ ಗುಂಡು ದೋಣಿಯ ತುದಿಯ ಮರಳಿನ ಪೆಟ್ಟಿಗೆಗೆ ಬಿದ್ದು ಸುಮ್ಮನಾಯಿತು.

ಗುಡುಗು ಮಾತ್ರ ನಿಲ್ಲಲಿಲ್ಲ.

ದೋಣಿ ಬರಿದಾಗಿತ್ತು. ಆದರೂ ಏನೋ ಈ ತುದಿಯಿಂದ ಆ ತುದಿಗೆ ಉರುಳುತ್ತಿತ್ತು. ಕೆಳಗಿನವರು ಸಿಟ್ಟಿನಿಂದ ಮತ್ತೆ ಗಂಟೆ ಬಡಿದರು. ಈನಕ್ ದೋಣಿಗೆ ಕೈ ಅಡ್ಡ ಹಿಡಿದ. ತಣ್ಣಗಿನ, ಭಾರವಾದ, ದುಂಡನೆಯದೊಂದು ಅವನ ಅಂಗೈ ಮೇಲೆ ಹಾದುಹೋಯಿತು. ಆಗ ಹಲಗೆಯ ಸಂದಿಯಿಂದ ಹೆಣ್ಣುದನಿಯೊಂದು ಬಂತು: "ಅಪ್ಪಾ, ಮಳೇಲಿ ನೆನೀತಾ ಇದೀನಿ."

ನಾಟಕದಲ್ಲಿ ಆ ಮಾತಿಲ್ಲ. ಅವನಿಗೆ ಗೊತ್ತಿಲ್ಲದ ಒಂದಕ್ಷರವೂ ಆ ನಾಟಕದಲ್ಲಿರಲಿಲ್ಲ. ಆ ಮಾತನ್ನು ಅವನು ಕೇಳಿದ್ದು ಒಮ್ಮೆ ಮಾತ್ರ, ತನ್ನ ಮನೆಯ ಮುಚ್ಚಿದ ಬಾಗಿಲಿನ ಈಚೆ ನಿಂತು. ಮಗಳ ಜೀವಕ್ಕೇ ಏನಾದರೂ ಆಯಿತೇನೋ ಅಂದುಕೊಂಡ.

ಏಣಿ ಇಳಿದು ಓಡಿದ. ಮುಂದಿನ ಅಂಕದ ಗುಡುಗು ಬಾಕಿಯಿತ್ತು. ಬೀದಿ ಬಾಗಿಲಿಗೆ ಬರುವಾಗ ಹಿಂದೆ ಗಂಟೆ ಎರಡು ಸಲ ಬಡಿಯಿತು. ಯಾರೂ ಇಲ್ಲದ ಅಟ್ಟದಲ್ಲಿ ಗುಡುಗು ಸರಿಯಾದ ಸಮಯಕ್ಕೇ ಶುರುವಾಯಿತು. ಅವನು ತಿರುಗಿ ನೋಡಲಿಲ್ಲ.

ಬಂದರಿನಲ್ಲಿ ಹಡಗು ಹತ್ತುವ ಹಲಗೆಯನ್ನು ಎಳೆದುಕೊಂಡಾಗಿತ್ತು. ಹಡಗಿನ ಅಂಚಿನ ಕಂಬಿಗೆ ಒರಗಿ ಲೆಟಿ ನಿಂತಿದ್ದಳು, ಜೀವಂತವಾಗಿ.

"ತಪ್ಪು ನಂದು ಲೆಟಿ! ನಂದೇ ತಪ್ಪು!"

ಹಡಗಿನ ಕೊಂಬಿನ ಸದ್ದು ಅವನ ಮಾತನ್ನು ಎರಡು ಸಲ ನುಂಗಿತು. ಮೂರನೇ ಸಲ ಅವಳಿಗೆ ಕೇಳಿಸಿತು. ಬಾಯಿಗೆ ಕೈ ಒತ್ತಿಕೊಂಡಳು. ಆಮೇಲೆ ಬಗ್ಗಿ, ಪುಟ್ಟ ಹುಡುಗಿಯೊಬ್ಬಳನ್ನು ಎತ್ತಿ ತೋರಿಸಿದಳು. ಹಡಗು ನಿಧಾನಕ್ಕೆ ತಿರುಗತೊಡಗಿತು.

ಈನಕ್ ಪಕ್ಕದಲ್ಲಿದ್ದ ಡಾರ್ಕಸಳ ತೋಳು ಹಿಡಿದ. "ಮಗುವಿನ ಹೆಸರೇನೇ?"

"ತಬಿತಾ. ಹುಟ್ಟಿ ಐದು ವರ್ಷ ಆಯ್ತು," ಎಂದಳು ಡಾರ್ಕಸ್. "ಕೂಗು. ಇನ್ನೂ ಕೇಳಿಸುತ್ತೆ."