ಬುತ್ತಿಚೀಲದ ಗೇರು

ಬಸಣ್ಣನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಎಪ್ಪತ್ತೆಂಟನೇ ಇಸವಿಯ ಸುಮಾರಿಗೆ ಈ ಅಜ್ಜಂಪುರದ ಗೆಳೆಯ ಹರಾಜಿನಲ್ಲಿ ಹಳೇ ಜೀಪು ಕೊಂಡ. ಅವನಿಗೆ ಓಡಿಸಲು ಬಾರದು; ನಾನು ಆಗಷ್ಟೇ ಕಲಿತಿದ್ದೆ. ಗೆಳೆಯರನ್ನೆಲ್ಲ ಹತ್ತಿಸಿಕೊಂಡು ನಾನೇ ಓಡಿಸುತ್ತ ಹೊರಟಾಗ, ಕೆಮ್ಮಣ್ಣುಗುಂಡಿ ಕಡೆಯ ಕಾಡುದಾರಿಯ ಏರಿನಲ್ಲಿ ಚಕ್ರ ಕೆಸರಿಗೆ ಸಿಕ್ಕಿತು. ಗೆಳೆಯರೆಲ್ಲ ಇಳಿದು ತಳ್ಳಿದರು, ತಳ್ಳುತ್ತಲೇ ನನ್ನನ್ನು ಬೈದರು.

"ಲೇ, ನಿಂಗೆ ಎತ್ತಿನ ಗಾಡಿನೇ ಸರಿ ಕಣೋ!" ಅಂದ ಬಸಣ್ಣ.

ಸೌದೆ ಹೊತ್ತು ಬಂದ ಹೆಂಗಸೊಬ್ಬಳು ಜೀಪಿನೊಳಗೆ ಇಣುಕಿದಳು. "ಆ ಚಿಕ್ಕ ಗೇರು ಹಾಕ್ಲಿಲ್ವೇನಪ್ಪಾ? ನಮ್ಮನೆಯವ್ರು ಲಕ್ಕವಳ್ಳಿ ಡ್ಯಾಮಲ್ಲಿ ಜೀಪು ಓಡಿಸ್ತಾರೆ. ಅದು ಹಾಕಿದ್ರೆ ನಾಲ್ಕು ಚಕ್ರಾನೂ ಎಳೀತವೆ."

ದೊಡ್ಡ ಗೇರಿನ ಪಕ್ಕದ ಆ ಗಿಡ್ಡ ಕಡ್ಡಿಗೆ ಬಸಣ್ಣ ಬುತ್ತಿಚೀಲ ನೇತುಹಾಕಿದ್ದ!

"ಚೀಲಕ್ಕೇ ಇಟ್ಟಿರೋದು ಅಂದ್ಕೊಂಡಿದ್ದೆ" ಅಂದ.

ಚೀಲ ತೆಗೆದು ಗೇರು ಹಾಕಿದೆ, ಜೀಪು ಸಲೀಸಾಗಿ ಹತ್ತಿತು. ಬೆಟ್ಟದ ಮೇಲೆ ಬಸಣ್ಣ ಚಿತ್ರಾನ್ನ ಬಡಿಸಿದ. ನನ್ನ ಎಲೆಗೆ ಒಂದೇ ಹಿಡಿ.

"ನೀನು ತಳ್ಳಲಿಲ್ವಲ್ಲ, ನಿಂಗೆಲ್ಲಿ ಹಸಿವು?"