ಸುಮತಿಯಕ್ಕನ ಬಾವಿಯ ಗಂಡು

ನನ್ನ ಗಂಡನ ಚಿಕ್ಕಪ್ಪಂದಿರ ಮಕ್ಕಳಲ್ಲಿ ಯಾರು ಯಾರೆಂದು ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನನಗೆ ಗೊತ್ತಾಗುವುದಿಲ್ಲ. ಎಲ್ಲರಿಗೂ ಒಂದೇ ಅಳತೆಯ ನಗು ಕೊಟ್ಟು ಪಾರಾಗುತ್ತೇನೆ. ಆದರೆ ಬಾವಿನೀರಿನಲ್ಲಿ ಅಕ್ಕಿಕಾಳಿನಷ್ಟೂ ಇಲ್ಲದ ಬಿಳಿ ಜಂತುವೊಂದು ಮಗ್ಗುಲಾಗಿ ಮಲಗಿ ಈಜಿದರೆ, ಅದು ಆಂಫಿಪಾಡ್ ಎಂದು ಕೂಡಲೇ ಹೇಳಬಲ್ಲೆ. ಈ ವಿದ್ಯೆ ಇದುವರೆಗೆ ಯಾವ ಮದುವೆ ಮನೆಯಲ್ಲೂ ಉಪಯೋಗಕ್ಕೆ ಬಂದಿಲ್ಲ.

ಕಲಿಸಿದವಳು ನನ್ನ ಅಕ್ಕನ ಮಗಳು ನಿಶ್ಮಿತಾ. ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಪುಂಜಾಲಕಟ್ಟೆಯಿಂದ ಮೂಡುಬಿದಿರೆಯ ನಮ್ಮ ಮನೆಗೆ ಬಂದವಳು, ಮಸಾಲೆ ಡಬ್ಬಿಗಳನ್ನು ಸರಿಸಿ ಅಲ್ಲಿ ಮೈಕ್ರೋಸ್ಕೋಪ್ ಸ್ಥಾಪಿಸಿದಳು. ಆಂಫಿಪಾಡ್ ಎಂದರೆ ಸಿಗಡಿಯ ದೂರದ ನೆಂಟ. ಸಿಗಡಿಯ ಬೆನ್ನಿನ ಗಟ್ಟಿ ಚಿಪ್ಪು ಇದಕ್ಕಿಲ್ಲ. ಬಾಗಿಲ ಸಂದಿಯಲ್ಲಿ ಸಿಕ್ಕಿಹಾಕಿಕೊಂಡಂತೆ ಎರಡೂ ಬದಿಯಿಂದ ಚಪ್ಪಟೆಯಾದ ಮೈ. ನೆಲದಡಿಯ ಕೆಂಪು ಮುರಕಲ್ಲಿನ ಬಿರುಕಿನ ಕತ್ತಲಲ್ಲೇ ಬಾಳುವವಕ್ಕೆ ಕಣ್ಣೂ ಇಲ್ಲ, ಬಣ್ಣವೂ ಇಲ್ಲ. ಯಾರೂ ನೋಡದ ಕಡೆ ಶೃಂಗಾರ ಯಾಕೆ ಎಂಬ ಈ ವಿವೇಕ, ದಿನವಿಡೀ ನೈಟಿಯಲ್ಲಿರುವ ನನಗೆ ವಿವರಣೆಯಿಲ್ಲದೆ ಅರ್ಥವಾಯಿತು.

ಅದರ ಕುಲಗೋತ್ರ ಹೇಳಬೇಕಾದರೆ ಕಾಲು ನೋಡಬೇಕು. ಏಳು ಜೊತೆ ಕಾಲುಗಳಲ್ಲಿ ಮುಂದಿನ ಎರಡು ಜೊತೆಯ ತುದಿಯಲ್ಲಿ ಹಿಡಿಯುವ ಕೈ ಇರುತ್ತದೆ. ಆ ಕೈಯ ಆಕಾರ, ಮುಳ್ಳುಗಳ ಸಾಲು, ಬಾಲದ ಸೀಳು ಎಲ್ಲ ನೋಡಿ ತೀರ್ಮಾನ. ನಿಶ್ಮಿತಾಳ ಪುಸ್ತಕದ ಪ್ರಕಾರ ಅದು ಬೆಳೆದ ಗಂಡಿನ ಕೈಯೇ ಆಗಬೇಕಂತೆ. ತಾಯಿಯ ಕಡೆಯಿಂದ ಬಳಿ, ಅಂದರೆ ಗೋತ್ರ, ಹೇಳಿಕೊಳ್ಳುವ ಬಂಟರ ಮನೆ ನಮ್ಮದು. ಇದನ್ನು ಕೇಳಿದ ಅತ್ತೆ, ಹಾಗಾದರೆ ಅದು ಶಾಸ್ತ್ರವೇ ಅಲ್ಲ ಎಂದು ತೀರ್ಪು ಕೊಟ್ಟು ಒಳಗೆ ಹೋದರು.

ನಮ್ಮ ಬಾವಿಯಲ್ಲಿ ಸಿಕ್ಕಿದ್ದೆಲ್ಲ ಹೆಣ್ಣುಗಳು. ಪ್ರಾಜೆಕ್ಟ್ ಒಪ್ಪಿಸಲು ಮೂರೇ ವಾರ ಉಳಿದಿತ್ತು. ಒಂದು ಗಂಡು ಸಿಗದಿದ್ದರೆ ವರ್ಷವೇ ಹಾಳು ಎಂದು ಹುಡುಗಿ ಊಟ ಬಿಟ್ಟಳು. ಮನೆಯಲ್ಲಿ ಗಂಡಿಗಾಗಿ ಇಷ್ಟು ಹುಡುಕಾಟ ನನ್ನ ನಾದಿನಿಯ ಮದುವೆಗೂ ನಡೆದಿರಲಿಲ್ಲ.

ಗಂಡು ಇದ್ದದ್ದು ಪಕ್ಕದ ಮನೆಯ ಸುಮತಿಯಕ್ಕನ ಬಾವಿಯಲ್ಲಿ. ಅವರು ಜೈನರು. ಸೇದಿದ ನೀರನ್ನು ಮಡಚಿದ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಬಟ್ಟಲಿಗೆ ತೊಳೆದು, ಆ ಬಟ್ಟಲನ್ನು ಹಗ್ಗದಲ್ಲಿ ನೀರಿನವರೆಗೂ ಇಳಿಸಿ ಮಗುಚುತ್ತಾರೆ. ಮೇಲಿನಿಂದ ಸುರಿದರೆ ಪೆಟ್ಟಾಗುತ್ತದಲ್ಲ! ಒಂದು ಬೆಳಿಗ್ಗೆ ಆ ಬಟ್ಟಲಿನಲ್ಲಿ ದೊಡ್ಡ ಕೈಯದ್ದೊಂದನ್ನು ಕಂಡ ನಿಶ್ಮಿತಾ ಸ್ಪಿರಿಟ್ ಬಾಟಲಿ ಮುಂದೆ ಹಿಡಿದಳು. ಸುಮತಿಯಕ್ಕ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡರು.

“ಕೊಲ್ಲಬಾರದು ಅಂತ ನಾನು ಸೋಸುವುದು. ನಿನಗೆ ಕೊಲ್ಲಲಿಕ್ಕೆ ಸೋಸಿ ಕೊಡಬೇಕಾ ಮಾರಾಯ್ತಿ?”

ಮರುದಿನ ನಾನು ಒಗ್ಗರಣೆಗೆ ಬೇವಿನಸೊಪ್ಪು ಕೇಳುವ ನೆಪದಲ್ಲಿ ಹೋದೆ. ಬಾವಿಕಟ್ಟೆಯ ಬಟ್ಟಲಿನಲ್ಲಿ ಆ ದೊಡ್ಡ ಕೈಯದ್ದು ಮತ್ತೆ ಬಂದಿತ್ತು. ಅವರು ಒಳಗೆ ಹೋದದ್ದೇ ತಡ, ನೈಟಿಯ ಕಿಸೆಯಿಂದ ಚಮಚ ತೆಗೆದೆ. ಹತ್ತು ವರ್ಷ ಕಾನ್ವೆಂಟಿನ ಸಿಸ್ಟರುಗಳು ತಿದ್ದಿದ ನೀತಿಯಲ್ಲಿ ಚಮಚವನ್ನು ಸದ್ದಿಲ್ಲದೆ ಬಳಸುವ ಪಾಠವಷ್ಟೇ ಆಗ ನೆನಪಿದ್ದದ್ದು. ಹಿಂದಿನಿಂದ ಸುಮತಿಯಕ್ಕನ ಸ್ವರ ಕೇಳಿತು.

“ಉಪ್ಪಿನ ಚಮಚವಾದರೆ ತೊಳೆದು ಹಾಕು. ಸಾಯ್ತದೆ ಅದು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ಎಲ್ಲವನ್ನೂ ಹೇಳಿದೆ: ಕೈ, ಮುಳ್ಳು, ಮೂರು ವಾರ, ಊಟ ಬಿಟ್ಟ ಹುಡುಗಿ. ಅವರು ಸೋಸುವ ಬಟ್ಟೆಯನ್ನು ಕೈಗೆತ್ತಿಕೊಂಡು ಕೇಳಿದರು.

“ಅವಳಿಗೆ ಬೇಕಾದದ್ದು ಕೈಯಾ, ಜೀವವಾ? ಬಟ್ಟೆಯಲ್ಲಿ ಒಮ್ಮೊಮ್ಮೆ ಅದರ ಖಾಲಿ ಅಂಗಿ ಸಿಗ್ತದೆ. ಕೈಕಾಲು ಸಮೇತ ಉಂಟು. ಅದು ಆಗ್ತದಾ?”

ಹಾವಿನಂತೆ ಇದೂ ಪೊರೆ ಬಿಡುತ್ತದೆಂದು ನಿಶ್ಮಿತಾ ಪುಸ್ತಕದಲ್ಲಿ ಓದಿದ್ದಳು. ಮೂವತ್ತು ವರ್ಷದಿಂದ ಅದನ್ನು ಕಂಡವರು ಬೇಲಿಯಾಚೆಗಿದ್ದದ್ದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಆ ಗಂಡನ್ನು ಬಾವಿನೀರು ಮತ್ತು ಒಂದು ಕೊಳೆತೆಲೆಯ ಜೊತೆ ಗಾಜಿನ ಲೋಟದಲ್ಲಿಟ್ಟು, ಮೇಲೆ ಬುಟ್ಟಿ ಕವುಚಿದೆವು. ಬಾಣಂತಿಯನ್ನು ವಿಚಾರಿಸುವಂತೆ ದಿನಕ್ಕೆ ನಾಲ್ಕು ಸಲ ವಿಚಾರಿಸಿದೆವು. ಹನ್ನೆರಡನೆಯ ದಿನ ಬುಟ್ಟಿ ಎತ್ತಿದರೆ ಲೋಟದಲ್ಲಿ ಇಬ್ಬರು: ಒಬ್ಬ ಈಜುತ್ತಿದ್ದಾನೆ, ಇನ್ನೊಬ್ಬ ಬರೀ ಅಂಗಿ. ಎರಡೂ ಕೈ ಸರಿಯಾಗಿದ್ದವು. ಅಂಗಿ ಸ್ಪಿರಿಟಿಗೆ ಹೋಯಿತು, ಈಜುತ್ತಿದ್ದವನು ಹಗ್ಗ ಹಿಡಿದು ಬಾವಿಗಿಳಿದ.

ಪ್ರಾಜೆಕ್ಟ್ ಸ್ವೀಕಾರವಾಯಿತು. ಆದರೆ ಆ ಕೈ ಪುಸ್ತಕದ ಯಾವ ಚಿತ್ರಕ್ಕೂ ಪೂರ್ತಿ ಹೊಂದದ ಕಾರಣ, ಇನ್ನೂ ಹೆಸರಿಡದ ಹೊಸ ಜಾತಿಯಿರಬಹುದೆಂದು ಅವಳ ಪ್ರೊಫೆಸರರೇ ಒಂದು ದಿನ ಬಂದು, ಮೂಲಪ್ರಾಣಿಯನ್ನೊಮ್ಮೆ ನೋಡಬೇಕಿತ್ತು ಎಂದರು. ಸುಮತಿಯಕ್ಕ ಅವರನ್ನು ಬಾವಿಕಟ್ಟೆಗೆ ಕರೆದೊಯ್ದರು. ಪ್ರೊಫೆಸರರು ಕನ್ನಡಕ ಒತ್ತಿಹಿಡಿದು ಕತ್ತಲೆಯ ನೀರನ್ನು ಬಹಳ ಹೊತ್ತು ಬಗ್ಗಿ ನೋಡಿದರು.

“ಕೆಳಗೇ ಉಂಟು,” ಎಂದರು ಸುಮತಿಯಕ್ಕ. “ಇನ್ನೊಂದು ಅಂಗಿ ಬಿಟ್ಟರೆ ಹೇಳಿ ಕಳಿಸ್ತೇನೆ. ಅಷ್ಟರವರೆಗೆ ನೀವು ಒಂದು ಹೆಸರು ಆಲೋಚನೆ ಮಾಡಿ ಇಡಿ, ಅದಕ್ಕೇನೂ ಅರ್ಜೆಂಟಿಲ್ಲ.”