ಕೂಸಿಗೆ ಎರೆಯುವ ಕಾಲು

ಡಾಂಬರಿನ ಮೇಲೆ ಬಿದ್ದಾಗ ನನಗೆ ನೋವಾಗಲಿಲ್ಲ. ಬಲಗಾಲು ಬೇರೆ ಯಾರದ್ದೋ ಅನ್ನುವಂತೆ ಅಡ್ಡ ಬಿದ್ದಿತ್ತು. ಮೊಣಕಾಲು ಒಂದು ಕಡೆ, ಪಾದ ಒಂದು ಕಡೆ. ಸೀರೆ ಸರಿಸಿ ನೋಡಿದೆ.

ಎಲುಬು ಹೊರಗೆ ಬಂದಿತ್ತು.

ನನ್ನ ಮಗಳು ಶೋಭಾ ಆಗ ದಿನ ತುಂಬಿದ ಬಸುರಿ. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸುರು. ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದಳು. ಆ ಎಲುಬು ಕಂಡಾಗ ನನಗೆ ಹೊಳೆದದ್ದು ಒಂದೇ: ಇನ್ನು ಅವಳ ಕೂಸಿಗೆ ಎರೆಯುವವರು ಯಾರು?

ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಅವುಗಳ ನಡುವಿನ ಸಂದಿಯಲ್ಲಿ ಕೂಸನ್ನು ಮಲಗಿಸಿ, ಎಣ್ಣೆ ತೀಡಿ ಬಿಸಿನೀರು ಹಾಕಬೇಕು. ನಮ್ಮ ಓಣಿಯ ಎಷ್ಟು ಕೂಸುಗಳು ನನ್ನ ಕಾಲ ಮೇಲೆ ಅತ್ತಿವೆ, ಉಚ್ಚೆ ಹೊಯ್ದಿವೆ, ಹಾಗೇ ನಿದ್ದೆ ಹೋಗಿವೆ. ಸಾಲಿಯಲ್ಲಿ ನಾನು ಕಲಿತದ್ದು ಹೆಸರು ಬರೆಯುವಷ್ಟು. ಚೆನ್ನಾಗಿ ಬರುವ ವಿದ್ಯೆ ಇದೊಂದೇ. ಮಂದಿಯ ಮಕ್ಕಳಿಗೆಲ್ಲ ಎರೆದು, ನನ್ನ ಮೊಮ್ಮಗುವಿಗೆ ಎರೆಯುವ ಹೊತ್ತಿಗೆ ಕಾಲು ಮುರಿಯಿತು.

ಆದದ್ದು ಹೀಗೆ. ನಮ್ಮೂರು ಗದಗಿನಿಂದ ಹೊಂಬಳಕ್ಕೆ ಹೋಗುವ ದಾರಿಯಲ್ಲಿದೆ. ಹುರಳಿ ಕಿತ್ತು ಒಣಗಿಸಿದ ಮೇಲೆ ಕಾಳು ಬಿಡಿಸಬೇಕು. ಹಿಂದೆ ಹೊಲದಲ್ಲಿ ನೆಲ ಕೆತ್ತಿ, ಸಗಣಿ ಬಳಿದು ಕಣ ಮಾಡುತ್ತಿದ್ದೆವು. ಎತ್ತು ಸುತ್ತು ಹಾಕಿ ತುಳಿಯುತ್ತಿದ್ದವು. ಈಗ ಎತ್ತೂ ಇಲ್ಲ, ಕಣವೂ ಇಲ್ಲ. ಡಾಂಬರು ರಸ್ತೆಯೇ ಕಣ. ಹುರಳಿ ಬಳ್ಳಿ ತಂದು ಅರ್ಧ ರಸ್ತೆಗೆ ಹರವುತ್ತೇವೆ. ಬಸ್ಸು, ಲಾರಿ, ಟ್ರ್ಯಾಕ್ಟರ್ ಅದರ ಮೇಲೆಯೇ ಹೋಗಲಿ ಅಂತ ಉಳಿದ ಅರ್ಧಕ್ಕೆ ಕಲ್ಲು ಇಡುತ್ತೇವೆ. ಎಲ್ಲರೂ ಇಡುತ್ತಾರೆ, ನಾವೂ ಇಡುತ್ತೇವೆ.

ಅವತ್ತು ಯಜಮಾನರಿಗೆ ಹೇಳಿದ್ದೆ. "ಕಲ್ಲ ಸ್ವಲ್ಪ ಸರಸ್ರಿ. ಬೈಕಿನವ್ರು ಎಲ್ಲಿಂದ ಹೋಗಬೇಕು?"

"ಕಲ್ಲ ಸರಸಿದ್ರ ಹುರಳಿ ಯಾರ ತುಳಿತಾರ, ನೀ ತುಳಿತಿ ಏನ?" ಅಂದರು.

ನಾನು ಕೋಲು ಹಿಡಿದು ಬಳ್ಳಿ ತಿರುವಿ ಹಾಕುತ್ತಿದ್ದೆ. ಬೈಕೊಂದು ಜೋರಾಗಿ ಬಂತು. ಓಡಿಸುತ್ತಿದ್ದವನು ಕಲ್ಲು ನೋಡಿ ಬಳ್ಳಿಯ ಮೇಲೆ ತಿರುಗಿಸಿದ, ಬ್ರೇಕ್ ಹಾಕಿದ. ಬಳ್ಳಿಯ ಕೆಳಗೆ ಉದುರಿದ ಹುರಳಿ ಗುಂಡಿನ ಹಾಗೆ ಉರುಳುತ್ತದೆ. ಗಾಡಿ ಜಾರಿ ಬಂದು ನನ್ನ ಕಾಲಿಗೆ ಬಡಿಯಿತು.

"ಕಣ್ಣ ಎಲ್ಲಿಟ್ಟಿದ್ದೆಪಾ?" ಅಂತ ಯಜಮಾನರು ಅವನ ಮೇಲೆ ಹೋದರು.

ಅವನು ಬಿದ್ದಲ್ಲಿಂದಲೇ ಅಂದ, "ಕಾಕಾ, ಕಣ್ಣ ಇಲ್ಲೇ ಅದಾವು. ಹುರಳಿ ಮ್ಯಾಲ ಬೈಕ ನಿಲ್ತೈತೇನ?"

ಆಮೇಲೆ ಯಜಮಾನರು ಮನೆಗೆ ಓಡಿ ಒಂದು ಹಿಡಿ ಅರಿಷಿಣ ತಂದು ಗಾಯಕ್ಕೆ ಒತ್ತಿದರು. ಹೆಗಲ ಟವೆಲಿನಿಂದ ಬಿಗಿದು ಕಟ್ಟಿದರು. ಬೆಳಗಿನಿಂದ ಬೆವರು, ಧೂಳು ಒರೆಸಿದ ಟವೆಲು.

ಗದಗಿನ ಆಸ್ಪತ್ರೆಯ ಡಾಕ್ಟರು ಅದನ್ನು ಬಿಚ್ಚಿ ನೋಡಿದರು. "ಅರಿಷಿಣ ಯಾರ ಒತ್ತಿದ್ರಿ?"

"ನಾನ ರೀ. ರಕ್ತ ನಿಲ್ಲಲಿ ಅಂತ."

"ರಕ್ತ ನಿಂತೈತಿ. ಒಳಗ ಮಣ್ಣು, ಹೊಟ್ಟು, ಅರಿಷಿಣ ಎಲ್ಲಾ ಸೇರೈತಿ. ಇದನ್ನ ತೊಳಿಯೋದ ಒಂದ್ ಆಪರೇಷನ್ ಆತು ನೋಡ್ರಿ."

ತೊಳೆದರೂ ಇನ್‌ಫೆಕ್ಷನ್ ಆಯಿತು. ಒಳಗೆ ರಾಡ್ ಹಾಕಲು ಬರುವುದಿಲ್ಲ ಅಂತ ಕಾಲಿನ ಹೊರಗೆ ಸರಳು ಹಾಕಿದರು. ಫಿಕ್ಸೇಟರ್ ಅಂತೆ. ಚರ್ಮದಿಂದ ಕಬ್ಬಿಣ ಮೊಳೆತ ಹಾಗೆ ಕಾಣುತ್ತಿತ್ತು. ಡ್ರೆಸ್ಸಿಂಗ್ ಮಾಡುವಾಗ ನಾನು ಸೆರಗು ಕಚ್ಚುತ್ತಿದ್ದೆ.

ನಮ್ಮ ವಾರ್ಡಿನಲ್ಲಿ ಹೊಲದಿಂದ ಬಂದವರೇ ಹೆಚ್ಚು. ರಾಶಿ ಮಾಡುವ ಮಷಿನ್ನಿಗೆ ಮುಚ್ಚಳ ಇದ್ದರೆ ಕೆಲಸ ಸಾಗುವುದಿಲ್ಲ ಅಂತ ಅದನ್ನು ತೆಗೆದಿಟ್ಟು ಕೈ ಕೊಟ್ಟವರು, ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಬಿದ್ದವರು, ಬರಿಮೈಯಲ್ಲಿ ಬೆಳೆಗೆ ಕೀಟದ ಎಣ್ಣೆ ಹೊಡೆದು ವಿಷ ಏರಿಸಿಕೊಂಡವರು, ಎಲ್ಲರೂ ಕೇಳಿದವರಿಗೆ ಒಂದೇ ಮಾತು ಹೇಳುತ್ತಿದ್ದರು: ಹಣೆಬರಹ. ಮುಚ್ಚಳ ತೆಗೆದದ್ದು ಕೈಯೇ ಹೊರತು ಹಣೆಯಲ್ಲ. ಹೇಳಲಿಕ್ಕೆ ಬಾಯಿಗೆ ಬರುತ್ತಿತ್ತು. ನಮ್ಮ ಕಲ್ಲು ನೆನಪಾಗಿ ಸುಮ್ಮನಾಗುತ್ತಿದ್ದೆ.

ಬೈಕಿನವನೂ ಒಂದು ದಿನ ನೋಡಲು ಬಂದ. ಹೊಂಬಳದವನು, ಈರಪ್ಪ. ಹೆಗಲ ಎಲುಬು ಮುರಿದು ಕೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿತ್ತು.

"ಯಕ್ಕಾ, ಸಿಟ್ಟ ಆಗಬ್ಯಾಡ್ರಿ. ನಮ್ಮದೂ ತೊಗರಿ ರಸ್ತೆದಾಗ ಹಾಕಿತ್ರಿ. ಮಳಿ ಮಾಡ ಆಗಿತ್ತು, ಜಲ್ದಿ ತುಂಬಬೇಕಂತ ಹೊಂಟಿದ್ದೆ."

"ನಿನ್ನ ತೊಗರಿ ಮ್ಯಾಲ ಯಾರ ಬಿದ್ರಪಾ?"

"ಇನ್ನೂ ಯಾರೂ ಬಿದ್ದಿಲ್ರಿ."

"ಇನ್ನೂ ಅಂತೀಯಲ್ಲೋ ತಮ್ಮಾ."

ಇಬ್ಬರೂ ನಕ್ಕೆವು. ನಕ್ಕರೆ ಅವನಿಗೆ ಹೆಗಲು ನೋಯುತ್ತಿತ್ತು, ನನಗೆ ಕಾಲು.

ನಾನು ಹಾಸಿಗೆಯಲ್ಲಿರುವಾಗಲೇ ಶೋಭಾ ಹೆತ್ತಳು.

ಹೆಣ್ಣು ಕೂಸು. ತಂದು ನನ್ನ ಪಕ್ಕ ಮಲಗಿಸಿದರು. ಏನು ಹೇಳಲಿ, ಮೂಗು ನಮ್ಮ ಅವ್ವನದು, ಬೆರಳು ನನ್ನವು, ಅಂಗೈ ಮೂಸಿದರೆ ಹಸಿ ಹಾಲಿನ ವಾಸನೆ. ವಾರ್ಡಿನ ಮಂದಿಗೆಲ್ಲ ತೋರಿಸಿದೆ. ಸಕ್ಕರೆ ಹಂಚಲು ಯಜಮಾನರನ್ನು ಓಡಾಡಿಸಿದೆ. ಅಷ್ಟು ಸಂತೋಷ ಈ ಮೈಗೆ ಎಂದೂ ಆಗಿರಲಿಲ್ಲ. ಆ ಸಂತೋಷದ ಕೆಳಗೇ ಸರಳು ಚುಚ್ಚುತ್ತಿತ್ತು.

ಮನೆಗೆ ಬಂದ ಮೇಲೆ ಪಕ್ಕದ ಮನೆಯ ಗಂಗವ್ವ ಕೂಸಿಗೆ ಎರೆದಳು. ನಾನು ಮಂಚದ ಮೇಲಿಂದ ನೋಡುತ್ತಿದ್ದೆ.

"ನೀರ ತಣ್ಣಗಾತು. ಕುತ್ತಿಗಿ ಹಿಡಿ. ಬೆನ್ನಿಗೆ ಹಾಕ."

ಗಂಗವ್ವ ತಿರುಗಿ ನೋಡದೆ ಅಂದಳು, "ನೀ ಬಾಯಿಲೆ ಎರಿ, ನಾ ಕೈಲೆ ಎರಿತೀನಿ."

ಅವಳ ಕಾಲ ಮೇಲೆ ನನ್ನ ಮೊಮ್ಮಗಳು ಕಣ್ಣು ಮುಚ್ಚಿದಾಗ ನಾನು ಗೋಡೆಯ ಕಡೆ ಹೊರಳಿದೆ.

ಒಮ್ಮೆ ಡ್ರೆಸ್ಸಿಂಗಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ನಾನು ಬಿದ್ದ ಜಾಗದಲ್ಲೇ ಯಾರೋ ಹುರಳಿ ಹಾಕಿದ್ದರು. ಆಚೆ ಅರ್ಧಕ್ಕೆ ಕಲ್ಲು. ಗಾಲಿಯ ಕೆಳಗೆ ಚಟಚಟ ಸಪ್ಪಳ. ಯಜಮಾನರು ಕಿಟಕಿಯಿಂದ ಬಗ್ಗಿ ನೋಡಿದರು.

"ಚಲೋ ಕಾಳ ಬಿಟ್ಟೈತಿ," ಅಂದರು.

ಅವತ್ತು ಅವರ ಜೊತೆ ಮಾತಾಡಲಿಲ್ಲ. ಮರುದಿನವೂ ಇಲ್ಲ. ಅವರಿಗೆ ಯಾಕೆಂದು ತಿಳಿಯಲೂ ಇಲ್ಲ.

ಕೊನೆಗೆ ಸರಳು ತೆಗೆದರು. ಗಾಯ ಮಾಯಿತು. "ಅಜ್ಜಿ, ಕೋಲ ಹಿಡಕೊಂಡ ಅಡ್ಡಾಡ್ರಿ," ಅಂದರು ಡಾಕ್ಟರು. "ಆದ್ರ ಕಾಲು ಮೊದಲಿನಂಗ ನೆಟ್ಟಗ ಆಗೂದಿಲ್ಲ."

ಮನೆಗೆ ಬಂದು ಬಚ್ಚಲಿನಲ್ಲಿ ಮಣೆ ಹಾಕಿಸಿಕೊಂಡು ಕೂತೆ. ಕಾಲು ನೀಡಿದೆ. ಎಡಗಾಲು ನೆಟ್ಟಗೆ, ಬಲಗಾಲು ಹೊರಕ್ಕೆ ತಿರುಗಿ. ಮೊದಲು ದಿಂಬು ಇಟ್ಟು ನೋಡಿದೆ. ನಡುವಿನ ಸಂದಿಯಲ್ಲಿ ಜಾರಿ ಕೆಳಗೆ ಬಿತ್ತು.

ಬಿದ್ದ ದಿನ ಬಾರದ ಅಳು ಆಗ ಬಂತು.

ಶೋಭಾ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೂಸನ್ನು ನನ್ನ ಕೈಗೆ ಕೊಟ್ಟಳು. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ನನ್ನ ಎಡಕ್ಕೆ ಇನ್ನೊಂದು ಮಣೆ ಹಾಕಿಕೊಂಡು ಕೂತಳು. ತನ್ನ ಬಲಗಾಲನ್ನು ನನ್ನ ಎಡಗಾಲಿಗೆ ಒತ್ತಿ ನೀಡಿದಳು.

"ಸರಿ ಆತೇನ ಯವ್ವಾ?"

"ಇನ್ನೊಂಚೂರು ಒತ್ತಿ ಕುಂಡ್ರ," ಅಂದೆ.

ಆ ಎರಡು ಕಾಲಿನ ಸಂದಿಯಲ್ಲಿ ಕೂಸನ್ನು ಮಲಗಿಸಿದೆವು. ಜಾರಲಿಲ್ಲ. ನಾನು ಕೈಯಲ್ಲಿ ಹದ ನೋಡಿ ತಂಬಿಗೆ ಎತ್ತಿ ನೀರು ಹಾಕಿದೆ. ಕೂಸು ಒಮ್ಮೆ ಚೀರಿ ಸುಮ್ಮನಾಯಿತು. ನನ್ನ ಚರ್ಮಕ್ಕೆ ರೂಢಿಯಾದ ಬಿಸಿ ಶೋಭಾಳಿಗೆ ಹೊಸದು. ಅವಳ ಕಾಲು ಅದುರಿತು.

"ತಡಕೋ," ಅಂದೆ.

ತಡಕೊಂಡಳು.